ಒಳಗೆ ಬಿಟ್ಟ ಅರ್ಧ ಇಂಚು

ಅಳತೆಯ ಪುಸ್ತಕದ ಕೊನೆಯ ಹಾಳೆಗಳಲ್ಲಿ
ಇವರು ಗದಗನ್ನು ಬರೆಯುತ್ತಿದ್ದಾರೆ.
ಬೇರೆ ಕಾಗದ ಸಿಗಲಿಲ್ಲವಂತೆ.
ಹಾಗಾಗಿ ದಾಭೋಲ್ಕರ್ ಬಾಯಿಯ
ಎದೆ ಮೂವತ್ತೆಂಟು, ತೋಳು ಹತ್ತೂವರೆ,
ಅದರ ಬೆನ್ನಿಗೇ
ಲಾರಿ, ಇಪ್ಪತ್ತಾರು ಸಾವಿರ.

ಭಾಂಡುಪಿನ ಗುಡ್ಡದ ಮೇಲಿನ ಈ ಖೋಲಿಯಲ್ಲಿ
ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಹೊಸದಾಗಿ ಹುಟ್ಟುತ್ತದೆ.
ಈ ಸಲ ಹದಿನಾಲ್ಕೂವರೆ.
ಗದಗಿನಲ್ಲಿ ಐದು, ಎರಡು ಕೋಣೆ, ಒಂದು ಮಾಳಿಗೆ.
ನನ್ನ ತವರು ಜತ್ತದ ಕಡೆ, ಇವರದು ಅಕ್ಕಲಕೋಟೆ.
ಆ ಊರಿನಲ್ಲಿ ನಮ್ಮವರೆಂಬವರು ಯಾರೂ ಇಲ್ಲ.
ಕೂಡಿಸಿ ಕಳೆಯುತ್ತ ಹೋದಾಗ
ಬೆರಳು ಬಂದು ನಿಂತ ಊರು, ಅಷ್ಟೇ.

ನೀರು ಹತ್ತು ದಿನಕ್ಕೊಮ್ಮೆ ಅಂತ
ಅವರು ಬರೆದಿರಲಿಲ್ಲ. ನಾನು ಬರೆದೆ:
ಡ್ರಮ್ಮು, ಎರಡು.
ಮಯೂರಿಗೆ ಕನ್ನಡ ಟ್ಯೂಷನ್, ಬರೆದೆ.
‘ಮನ್ಯಾಗ ಮಾತಾಡ್ತಾಳಲ್ಲ’ ಅಂದರು.
ಮಾತಾಡುತ್ತಾಳೆ.
ಬರೆಯಲು ಕೊಟ್ಟರೆ ನಮ್ಮ ಅಕ್ಷರಕ್ಕೂ
ನೆತ್ತಿಯ ಮೇಲೆ ಉದ್ದಕ್ಕೆ ಗೆರೆ ಎಳೆಯುತ್ತಾಳೆ,
ಒದ್ದೆ ಬಟ್ಟೆಯನ್ನು ತಂತಿಗೆ ಹಾಕಿದ ಹಾಗೆ.

ಸಾಮಾನು ನೋಡಲು ಬಂದ ಹುಡುಗ
ಫ್ರಿಜ್ಜು ನೋಡಿದ, ಮಂಚ ನೋಡಿದ,
ಕಾಲಿನ ಮಷಿನ್ನನ್ನು ಬೂಟಿನಿಂದ ಮೆಲ್ಲಗೆ ತಟ್ಟಿದ:
ಕಬ್ಬಿಣ, ಭಾರ, ಬೇರೆ ಚಾರ್ಜು.
ಆ ರಾತ್ರಿ ಇವರ ಪಟ್ಟಿಯಲ್ಲಿ
ಮಾರುವುದು ಎಂಬ ಹೆಸರಿನ ಕೆಳಗೆ
ಗ್ಯಾಸಿನ ಹಳೇ ಒಲೆ, ಕಪಾಟು, ಮಷಿನ್ನು.
ಗುಜರಿಯವನ ಬೆಲೆ ಸಹಿತ.
ಸೀಮೆಸುಣ್ಣದಲ್ಲಿ ಅದರ ಮೇಲೆ ಗೆರೆ ಹೊಡೆದೆ,
ಕತ್ತರಿಸುವ ಮೊದಲು ಹೊಡೆಯುತ್ತೇನಲ್ಲ, ಹಾಗೆ.

ಆದಾಯದ ಸಾಲಿನಲ್ಲಿ
ಇವರಿಗೆ ಶಾಲೆಯ ವ್ಯಾನು, ಹದಿನೈದು.
ಅದರ ಕೆಳಗೆ ಹೊಲಿಗೆ,
ಅದರ ಮುಂದೆ ಒಂದು ಅಡ್ಡಗೆರೆ.
‘ಅಲ್ಲಿ ಹೋದಮ್ಯಾಲ ನೋಡೂಣು.’

ಹತ್ತೊಂಬತ್ತು ವರ್ಷ.
ಈ ಪುಸ್ತಕದಲ್ಲಿ ನೂರ ನಲವತ್ತು ಹೆಂಗಸರು.
ಯಾರ ಎಡ ಭುಜ ಒಂದು ಬೆರಳು ಇಳಿದಿದೆ,
ಯಾರಿಗೆ ಆಪರೇಷನ್ ಆದ ಕಡೆ
ಒಳಗಿಂದ ಹತ್ತಿ ಇಟ್ಟು ಹೊಲಿಯಬೇಕು,
ಯಾರು ಗಂಡನಿಗೆ ಹೇಳದೆ ಎರಡು ಹೊಲಿಸುತ್ತಾರೆ,
ಇದೆಲ್ಲ ಬರೆದಿಟ್ಟಿಲ್ಲ.
ಲಾರಿಗೆ ಇದರ ತೂಕ ಇಲ್ಲ,
ಗದಗಿನಲ್ಲಿ ಇದಕ್ಕೆ ಬೆಲೆಯೂ ಇಲ್ಲ.

ಅಡ್ಡಗೆರೆಯನ್ನು ಅಳಿಸಿ
ಆರು ಸೊನ್ನೆ ಬರೆದೆ, ತಿಂಗಳಿಗೊಂದರಂತೆ.
‘ಲೆಕ್ಕ ಕೆಡ್ತದ’ ಅಂದರು.
ಕೆಡಲಿ.
ಮೈಯಳತೆಗೆ ಸರಿಯಾಗಿ ಕತ್ತರಿಸಿದವರ ರವಿಕೆ
ಮೊದಲ ಹಬ್ಬದ ಊಟಕ್ಕೇ ಬಿರಿಯುತ್ತದೆ.
ಅರ್ಧ ಇಂಚು ಒಳಗೆ ಬಿಡಬೇಕು,
ಯಾರಿಗೂ ಕಾಣದ ಕಡೆ.
ತುಸು ಹೊತ್ತು ಸುಮ್ಮನಿದ್ದು
ಬಣ್ಣದ ಟಿವಿಯನ್ನು ಮುಂದಿನ ವರ್ಷಕ್ಕೆ ತಳ್ಳಿದರು,
ತಮ್ಮ ಗುಟ್ಕಾದ ಸಾಲನ್ನು
ನಾನು ನೋಡದ ಹಾಗೆ ಹೊಡೆದುಹಾಕಿದರು.
ನೋಡಿದೆ.

ನಿನ್ನೆ ದಾಭೋಲ್ಕರ್ ಬಾಯಿ ಬಂದರು,
ಏದುಸಿರು ಬಿಡುತ್ತ, ಎಪ್ಪತ್ತೆರಡು ಮೆಟ್ಟಿಲು ಹತ್ತಿ,
ಚೀಲದಲ್ಲಿ ಒಂಬತ್ತು ಖಣ.
ಹೋಗುವುದರೊಳಗೆ ಎಲ್ಲ ಹೊಲಿದುಕೊಡು,
ಮುಂದೆ ಯಾರ ಮುಂದೆ ಕೈ ಎತ್ತಿ ನಿಲ್ಲಲಿ ಅಂದರು.
ಟೇಪು ಸುತ್ತಿದೆ. ನಲವತ್ತು.
ಪುಸ್ತಕ ತಿದ್ದಿದೆ.
ಒಂಬತ್ತು ಆಗುವುದಿಲ್ಲ ಬಾಯಿ, ನಾಲ್ಕು ಆದಾವು,
ಉಳಿದದ್ದು ನನ್ನ ಜೊತೆ ಬರಲಿ ಅಂದೆ.
ಹ್ಞೂಂ ಅಂದು, ಅಡ್ವಾನ್ಸು ಕೊಟ್ಟು,
ಗೋಡೆ ಹಿಡಿದು ಇಳಿದು ಹೋದರು.

ಸೊನ್ನೆಗಳ ಕೆಳಗೆ ಹೊಸ ಸಾಲು:
ಕುರಿಯರ್, ಗದಗಿನಿಂದ ಭಾಂಡುಪಿಗೆ,
ಐದು ರವಿಕೆ, ಎಷ್ಟು?

ಇವರು ಅದನ್ನು ಎರಡು ಸಲ ಓದಿದರು.
ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡರು.
ಅಷ್ಟರಲ್ಲಿ ನಾಲ್ಕೂವರೆಯ ನೀರು ಬಂತು,
ಇಬ್ಬರೂ ಕೊಡ ಹಿಡಿದು ಎದ್ದೆವು.