ಟ್ರೇಯಲ್ಲಿ ಉಳಿದದ್ದು

ಬೆಳಗಿನ ಐದೂಕಾಲರ ದೋಣಿಗೆ
ತೇಜೋ ನದಿ ದಾಟಿ ಬರುತ್ತೇನೆ.
ಲಿಸ್ಬನ್ ಇನ್ನೂ ಮಗ್ಗುಲು ಬದಲಿಸುತ್ತಿರುತ್ತದೆ.
ವಿಮಾ ಕಚೇರಿಯ ನಾಲ್ಕನೆಯ ಮಹಡಿ,
ಬಕೆಟ್ಟು, ಒರೆಸುಬಟ್ಟೆ, ನಾನು,
ಮತ್ತೆ ಕಿಟಕಿಯ ಪಕ್ಕ
ಒಂದು ಹಸಿರು ಕಣ್ಣು ತೆರೆದಿಟ್ಟೇ ಮಲಗುವ
ಆ ಪ್ರಿಂಟರು.

ಅದರ ಟ್ರೇಯಲ್ಲಿ ದಿನಾ
ಯಾರೂ ಕರೆದೊಯ್ಯದ ಹಾಳೆಗಳು,
ಶಾಲೆ ಬಿಟ್ಟು ಎಷ್ಟೋ ಹೊತ್ತಾದರೂ
ಗೇಟಿನಲ್ಲೇ ನಿಂತ ಮಕ್ಕಳ ಹಾಗೆ.
ಯಾರದೋ ಮಗಳ ಹುಟ್ಟುಹಬ್ಬದ ಕರೆಯೋಲೆ, ಬಣ್ಣ ತಪ್ಪಿದ್ದು.
ಊಟದ ಪಟ್ಟಿ, ಮೂರು ಪ್ರತಿ.
ಹದಿನಾರು ಪುಟದ ವರದಿ, ಅದರ ಮೇಲೆ
ಅದೇ ವರದಿ, ಒಂದು ಅಲ್ಪವಿರಾಮ ತಿದ್ದಿ.
ಕೊನೆಯಲ್ಲಿ ಖಾಲಿ ಹಾಳೆಯ ಬುಡಕ್ಕೆ ಒಂದೇ ಸಾಲು:
ಪುಟ ಹದಿನೇಳು, ಒಟ್ಟು ಹದಿನೇಳು.
ಮುಗಿಯಿತು ಅನ್ನಲಿಕ್ಕೂ ಒಂದು ಹಾಳೆ.

ನಾನು ಹುಟ್ಟಿದ ಬ್ರಾವಾ ದ್ವೀಪದಲ್ಲಿ
ವರ್ಷಕ್ಕೊಂದೇ ನೋಟ್‌ಬುಕ್ಕು.
ಮೊದಲು ಪೆನ್ಸಿಲ್ಲಿನಲ್ಲಿ, ಆಮೇಲೆ
ಅದರ ಮೇಲೆಯೇ ಶಾಯಿಯಲ್ಲಿ,
ತುಂಬಿದ ಮೇಲೆ ಅಂಗಡಿಗೆ.
ನನ್ನ ಏಳರ ಮಗ್ಗಿ
ಸಕ್ಕರೆ ಕಟ್ಟಿಕೊಂಡು ಊರೆಲ್ಲ ತಿರುಗಿತು.

ಹೋದ ವರ್ಷ ಆಗಸ್ಟ್ ಕಳೆದ ಮೇಲೆ
ಬೆಂಕಿಯ ಕಡತಗಳು ಬರತೊಡಗಿದವು.
ಒಳನಾಡಿನ ಗುಡ್ಡಗಳಲ್ಲಿ ನೀಲಗಿರಿ ತೋಪು ಹೊತ್ತಿ
ಉರಿವ ತೊಗಟೆ ಹಾರಿ ಹಾರಿ
ಮಾಡುಗಳ ಮೇಲೆ ಬಿದ್ದಿತಂತೆ.
ಸುಟ್ಟ ಟ್ರ್ಯಾಕ್ಟರು, ಸುಟ್ಟ ಜೇನುಪೆಟ್ಟಿಗೆ,
ಒಂದು ಬಾಗಿಲು, ಹಿಂದೆ ಮನೆಯಿಲ್ಲ.
ಪ್ರತಿ ಚಿತ್ರಕ್ಕೂ ನಾಲ್ಕು ಪ್ರತಿ.
ಆ ವಾರ ಟೋನರು ಎರಡು ಸಲ ಮುಗಿಯಿತು.
ಕಾಗದದ ಕಟ್ಟಿನ ಹೊದಿಕೆಯ ಮೇಲೆ ಬರೆದಿತ್ತು:
ನೂರಕ್ಕೆ ನೂರು ನೀಲಗಿರಿ.
ಎರಡನ್ನೂ ಅಕ್ಕಪಕ್ಕ ಹಿಡಿದು ನಿಂತೆ.
ಬೆಂದ ಮರದ ಮೇಲೆ ಸುಟ್ಟ ಮರದ ಚಿತ್ರ.
ನಾನು ಗುಡಿಸುವವಳು. ಯಾರಿಗೆ ಹೇಳಲಿ?

ಅವರಿಗೂ ಏನೋ ಅನ್ನಿಸಿರಬೇಕು.
'ಕಾಗದ ಉಳಿಸಿ' ಎಂಬ ಭಿತ್ತಿಪತ್ರ ಬಂತು,
ನಾಲ್ಕು ಬಣ್ಣದಲ್ಲಿ, ಪ್ಲಾಸ್ಟಿಕ್ ಹೊದ್ದು,
ಬಾಗಿಲಿಗೊಂದರಂತೆ ಹನ್ನೊಂದು.
ದಿನಾ ಧೂಳು ಒರೆಸಿದೆ.

ಅಂದಿನಿಂದ ಟ್ರೇಯ ಹಾಳೆಗಳನ್ನು ಎಸೆಯಲಿಲ್ಲ.
ಸಿಂಕಿನ ಪಕ್ಕ ಒಂದರ ಮೇಲೊಂದು ಇಟ್ಟೆ.
ಮೊದಲ ವಾರ ಮೊಣಕಾಲು,
ತಿಂಗಳಿಗೆ ಸೊಂಟ.
ಸೆನ್ಯೋರ್ ಕ್ವರೆಜ್ಮಾ ಕಾಫಿ ಬಸಿಯಲು ಬಂದವರು ಕಂಡರು.
'ಜೆಸುಯಿನಾ, ರದ್ದಿಯ ಡಬ್ಬಿ ಎಲ್ಲಿದೆ ಗೊತ್ತಿಲ್ಲವೇ?'
'ಗೊತ್ತು ಸ್ವಾಮಿ.
ಎಷ್ಟೆತ್ತರ ಆಗುತ್ತೆ, ನೋಡಬೇಕಿತ್ತು.'
ಅವರ ಸಿಟ್ಟು ಬಾಯಲ್ಲೇ ಉಳಿಯಿತು.
ಬಟ್ಟಲು ಕೆಳಗಿಟ್ಟು ಪಕ್ಕಕ್ಕೆ ನಿಂತು
ತಮ್ಮ ಬೆಲ್ಟಿಗೆ ಅಳೆದುಕೊಂಡರು.

ಈಗ ಕಾರ್ಡು ತೋರಿಸದೆ ಪ್ರಿಂಟರು ಉಗುಳುವುದಿಲ್ಲ.
ಎದುರು ನಿಂತು ಕಾಯಬೇಕು, ತನ್ನ ಹಾಳೆಗೆ ತಾನೇ.
ನಿಂತಾಗ ಎಷ್ಟೋ ಜನಕ್ಕೆ
ಇದು ಬೇಡವೆಂದು ಹೊಳೆಯುತ್ತದಂತೆ.
ಬಂದರೂ ಎರಡು ಮಗ್ಗುಲು, ತೆಳು ಶಾಯಿ.
ಉಳಿದದ್ದು ಕಂಪ್ಯೂಟರಿನ ಒಳಗೇ ಇದೆ ಎಂದರು.
ಹಾಗಾದರೆ ಆ ಗಾಜಿನ ಕೋಣೆಯಲ್ಲಿ
ಹಗಲಿರುಳು ಬಿಸಿಯುಸಿರು ಬಿಡುವುದು ಯಾವುದು?
ಕೇಳಿದೆ. ನಕ್ಕರು.
ನಗು ಅರ್ಧಕ್ಕೇ ನಿಂತಿತು.

ಟ್ರೇ ಖಾಲಿ. ಒಳ್ಳೆಯದೇ.
ಆದರೆ ಮೊಮ್ಮಗಳು ನಿಲ್ಸಾ ಕೇಳುತ್ತಾಳೆ,
'ವೋವೊ, ನಿಮ್ಮ ಆಫೀಸು ಮುಚ್ಚಿತಾ?'
ಅವಳ ಕುದುರೆ, ಹಡಗು, ಮೂರು ಕಾಲಿನ ಬೆಕ್ಕು
ಎಲ್ಲಕ್ಕೂ ನನ್ನ ಕೈಚೀಲದ ಹಾಳೆಗಳೇ ನೆಲವಾಗಿದ್ದವು.
ಇನ್ನು ಉಳಿದಿರುವುದು ಒಂಬತ್ತು.
ಸಣ್ಣದಾಗಿ ಬರಿ ಮಗಾ, ಎಂದೆ.
ಬೆಕ್ಕಿನ ಹೊಟ್ಟೆಯೊಳಗೇ
ಅವಳೊಂದು ಹಡಗು ಹೂಡಿದಳು.

ಹದಿನೇಳರಲ್ಲಿ ಹದಿನೇಳನೆಯದನ್ನು ಮಾತ್ರ
ಅವಳಿಗೆ ಕೊಟ್ಟಿಲ್ಲ.
ಅದರ ಮೇಲೆ, ಒತ್ತೊತ್ತಾಗಿ, ಈ ವಾರದ್ದು:
ಈರುಳ್ಳಿ. ಸಾಬೂನು. ಒಣಮೀನು, ಅಗ್ಗ ಸಿಕ್ಕರೆ.
ಕೆಳಗೆ ಇನ್ನೂ ಬಹಳ ಜಾಗವಿದೆ.