ನೆತ್ತಿಯ ಮೇಲೆ ಒಂದು ಅಲೆ

ಅವಳ ಹೆಸರನ್ನು ಇಲ್ಲಿ ಒಯ್ಯೆ ಎಂದು ಬರೆಯುತ್ತಿದ್ದೇನೆ.
ತಪ್ಪು. ಆ ಮೊದಲ ಅಕ್ಷರ ನಮ್ಮಲ್ಲಿಲ್ಲ:
ಒಂದು ಸೊನ್ನೆ, ಅದರ ನೆತ್ತಿಯ ಮೇಲೆ ಒಂದು ಅಲೆ,
ನಮ್ಮ ತಲಕಟ್ಟು ಯಾಕೋ ಬಳುಕಿದ ಹಾಗೆ.

ಎಸ್ತೋನಿಯಾ, ಸಾರೆಮಾ ದ್ವೀಪ, ಇಗರ್ಜಿಯ ಕಚೇರಿ. ಮಾರ್ಚ್.
ಕಿಟಕಿಯಾಚೆ ಸಮುದ್ರ ಇನ್ನೂ ಅರೆಹೆಪ್ಪು.
ಹಳೆಯ ಕಂಪ್ಯೂಟರು ಸತ್ತು
ಸ್ಮಶಾನದ ದಫ್ತರು ಹೊಸದಕ್ಕೆ ಬಂದಿದೆ.
ಎಡಿಟರ್ ತೆರೆದರೆ ಹೆಸರುಗಳ ನಡುನಡುವೆ
ಪ್ರಶ್ನೆಚಿಹ್ನೆ, ಪ್ರಶ್ನೆಚಿಹ್ನೆ —
ಸತ್ತ ಮೇಲೂ ಇವರಿಗೆ ಏನೋ ಅನುಮಾನ.

ಗುಮಾಸ್ತೆ ಮೈಮು ಫಾಂಟ್ ಬದಲಿಸಿ ನೋಡಿದಳು. ಬೈದು ನೋಡಿದಳು.
ಕೊನೆಗೆ ದಕ್ಕೆಯಿಂದ ಕೌಪೊ ಬಂದ,
ಫೆರಿಯ ಮೆಕ್ಯಾನಿಕ್ಕು, ಉಗುರಲ್ಲಿ ಗ್ರೀಸು.
"ಅಕ್ಷರಗಳಿಗೆ ಏನೂ ಆಗಿಲ್ಲ" ಅಂದ,
"ತಾನು ಯಾವ ಊರಲ್ಲಿದ್ದೇನೆ ಅಂತ
ಇದಕ್ಕೆ ಯಾರೂ ಹೇಳಿಲ್ಲ, ಅಷ್ಟೆ."

ಕಪ್ಪು ಪರದೆಯಲ್ಲಿ ಒಂದು ಸಾಲು:
ಭಾಷೆಗೆ ಎರಡಕ್ಷರ, ಅಡಿಗೆರೆ, ದೇಶಕ್ಕೆ ಎರಡಕ್ಷರ,
ಚುಕ್ಕೆ, ಯುಟಿಎಫ್-ಎಂಟು.
ಅಂಥ ಲೊಕೇಲ್ ಇಲ್ಲ ಎಂದಿತು ಯಂತ್ರ.
ಇಲ್ಲದಿದ್ದರೆ ಹುಟ್ಟಿಸೋಣ ಎಂದು ಹುಟ್ಟಿಸಿದ.
"ಈಗ ಒಮ್ಮೆ ಹೊರಗೆ ಹೋಗಿ ಒಳಗೆ ಬಾ."
ಮೈಮು ಕುರ್ಚಿ ಬಿಟ್ಟು ಎದ್ದಳು.
"ನೀನಲ್ಲ ಮಾರಾಯ್ತಿ, ಲಾಗಿನ್ನು."

ಬಂದವು. ಅಲೆಗಳು, ಜೋಡಿಚುಕ್ಕೆಗಳು,
ರಜೆ ಮುಗಿಸಿ ಬಂದವರ ಹಾಗೆ
ತಂತಮ್ಮ ಜಾಗದಲ್ಲಿ ಕೂತವು.

ಒಂದು ಮಾತ್ರ ಬರಲಿಲ್ಲ.
ನಿನ್ನೆ ಗಾಬರಿಯಲ್ಲಿ ಮೈಮು ಆ ಹೆಸರನ್ನು ತಾನೇ ಮತ್ತೆ ಕುಟ್ಟಿ
ಸೇವ್ ಒತ್ತಿಬಿಟ್ಟಿದ್ದಳು.
ಅಲ್ಲಿರುವುದು ಈಗ ಅಸಲಿ ಪ್ರಶ್ನೆಚಿಹ್ನೆ.
ಯಾವ ಲೊಕೇಲೂ ಅದನ್ನು ಹಿಂದಕ್ಕೆ ತರದು.

ಒಯ್ಯೆಯ ಅಜ್ಜಿಯ ಮನೆಹೆಸರು ಅದು.
ಫೋನಿನಲ್ಲಿ ಕೇಳಿದರು: ಅಲೆಯೋ, ಚುಕ್ಕೆಯೋ?
ಎಂಬತ್ತೆರಡರ ಒಯ್ಯೆ ಹೆಸರು ಹೇಳಿದಳು,
ಮತ್ತೆ ಹೇಳಿದಳು, ಜೋರಾಗಿ ಹೇಳಿದಳು.
ಏನು ಪ್ರಯೋಜನ — ಈ ದ್ವೀಪದ ಬಾಯಲ್ಲಿ
ಅಲೆಯೂ ಚುಕ್ಕೆಯೇ.
ಆಚೆದಡದವರು ಅದಕ್ಕೇ ತಾನೆ ನಗುವುದು.
"ಬರೆದದ್ದು ಯಾರು? ಬರೀ ಕರೆದದ್ದು" ಅಂದಳು.

ಫೆರಿಗೆ ಹೊತ್ತಾಯಿತೆಂದು ಕೌಪೊ ಹೊರಟ.
ಹೆಂಗಸರಿಬ್ಬರೂ ಕೆಸರಾದ ಹಿಮ ತುಳಿದು
ಕಲ್ಲಿನ ಮುಂದೆ ಕುಕ್ಕರಿಸಿದರು.
ಒಯ್ಯೆ ಚೀಲದಿಂದ ಹೆಣಿಗೆಯ ಕಡ್ಡಿ ತೆಗೆದು
ಪಾಚಿ ಕೆರೆದಳು, ಕಿವಿ ಕೆರೆಯುವಷ್ಟು ಮೆಲ್ಲಗೆ.
ಹಸಿರು ಪುಡಿ. ಒಂದು ಹುಳ.
ಆಮೇಲೆ, ಒಂದು ತುದಿ ಮುಕ್ಕಾದ
ಅಲೆ.

"ನೋಡಿದೆಯಾ, ಅಲೆ!" ಎಂದು
ಆ ಹೆಸರನ್ನು ಕಲ್ಲಿಗೇ ಕೇಳುವಂತೆ ಕೂಗಿದಳು ಒಯ್ಯೆ,
ಚುಕ್ಕೆಯಲ್ಲೇ.