ಎಡಜೇಬಿನ ಲೆಕ್ಕ

ನಮೂನೆಯಲ್ಲಿ ಇರುವುದು ನಾಲ್ಕೇ ಕಾಲಂ:
ಓಟ, ಎಸೆತ, ಹೊಡೆತ, ಹಿಡಿತ.
ಹತ್ತಕ್ಕೆ ಎಷ್ಟೆಂದು ಬರೆದು ಸಹಿ ಹಾಕಿದರೆ ಮುಗಿಯಿತು.
ಹಾಸನದ ಜಿಲ್ಲಾ ಕ್ರೀಡಾಂಗಣ, ಬೆಳಿಗ್ಗೆ ಏಳು,
ಮಂಜು ಇನ್ನೂ ಗೋಲ್‌ಪೋಸ್ಟಿಗೆ ಜೋತುಬಿದ್ದಿದೆ.
ಎಂಬತ್ತಾರು ಮಕ್ಕಳು, ಒಂಬತ್ತು ಗ್ಲೌಸು.
ಬೇಸ್‌ಬಾಲ್ ಎಂದರೇನೆಂದು
ಕರೆತಂದ ಅಪ್ಪಂದಿರಿಗೇ ಅರ್ಧಂಬರ್ಧ:
"ವಿಕೆಟ್ ಎಲ್ಲಿ ನೆಟ್ಟಿದ್ದೀರಿ ಮೇಷ್ಟ್ರೇ?"

ನಾನು ಮೊದಲು ನೋಡುವುದು ಪಾದ.
ಮೈಗಿಂತ ಮುಂಚೆ ಪಾದ ಬೆಳೆದಿದ್ದರೆ,
ಅಣ್ಣನ ಚಪ್ಪಲಿಯೂ ಬಿಗಿಯುತ್ತಿದ್ದರೆ,
ಹುಡುಗ ಇನ್ನೂ ಏಳುತ್ತಾನೆ.
ಆಮೇಲೆ ಮಣಿಕಟ್ಟು. ಆಮೇಲೆ,
ಚೆಂಡು ಕೈತಪ್ಪಿದಾಗ ಯಾರ ಮುಖ ನೋಡುತ್ತಾನೆ ಎಂಬುದು.
ಇದಕ್ಕೆಲ್ಲ ಕಾಲಂ ಇಲ್ಲ.
ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತೇನೆ,
ತಪ್ಪಿದರೆ ಅಳಿಸಬಹುದು.

ತೀರ್ಥೇಶ, ಶಾಂತಿಗ್ರಾಮ, ಹದಿಮೂರು ನಡೆಯುತ್ತಿದೆ.
ಓಟ ನಾಲ್ಕು. ಹೊಡೆತ ಮೂರು, ಅದೂ ಕನಿಕರಕ್ಕೆ.
ಎಸೆದ.
ಹಿಡಿಯುವವನ ಗ್ಲೌಸು ಇದ್ದ ಜಾಗದಿಂದ ಅಲುಗಲಿಲ್ಲ.
ಇನ್ನೊಂದು ಎಸೆದ. ಅಲ್ಲೇ.
ಎಲ್ಲಿ ಕಲಿತೆಯೋ ಎಂದೆ.
"ಜೋಳದ ಹೊಲಕ್ಕೆ ಕೋತಿ ಬರ್ತಾವೆ ಸಾರ್."
ಕೋತಿಗೆ ಹೊಡೀತೀಯಾ?
"ಇಲ್ಲ, ಅಜ್ಜಿ ಬಯ್ಯುತ್ತೆ, ಹನುಮಪ್ಪ ಅಂತ.
ಅದು ಕೂತಿರೋ ಕೊಂಬೆಗೆ, ಒಂದು ಗೇಣು ಈಚೆಗೆ."
ನಿಮ್ಮಪ್ಪ ಎಷ್ಟು ಎತ್ತರ?
"ನೋಡಿಲ್ಲ ಸಾರ್."
ಬಹಳ ಹೊತ್ತು ಪೆನ್ಸಿಲ್ ಚೂಪು ಮಾಡುತ್ತ ನಿಂತೆ.

ಹೆಡ್‌ಮಾಸ್ಟರು ಹೇಳಿದರು: ದಿನಕ್ಕೆ ನೂರು ಎಸೆಸಿ, ಕಪ್ಪು ನಮ್ಮದೇ.
ಅವರಿಗೆ ರುದ್ರಮುನಿ ಗೊತ್ತಿಲ್ಲ.
ಹದಿನೆಂಟು ವರ್ಷದ ಹಿಂದೆ ಅವನಿಂದ ಮೂರು ಕಪ್ಪು ತಂದವನು ನಾನು,
ಸ್ಟಾಫ್‌ರೂಮಿನ ಬೀರುವಿನ ಮೇಲಿವೆ, ಒಂದರಲ್ಲಿ ಸೀಮೆಸುಣ್ಣ.
ಆ ವಯಸ್ಸಿಗೆ ಮೊಣಕೈ ಮೂಳೆಯ ತುದಿ
ಎಳನೀರಿನ ಗಂಜಿಯಷ್ಟು ಎಳಸೆಂದು
ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.
ಈಗ ಅರಸೀಕೆರೆ ಬಸ್ಸಿನಲ್ಲಿ ಅವನು ಕಂಡಕ್ಟರು,
ಬಲಗೈ ಪೂರ್ತಿ ಚಾಚದು,
ಟಿಕೆಟ್ಟು ಎಡಗೈಲಿ ಕೊಡುತ್ತಾನೆ,
ಮಡಿಯ ಮುದುಕಿಯರು ಮುಖ ಸಿಂಡರಿಸುತ್ತಾರೆ.
ನನ್ನ ಹತ್ತಿರ ಮಾತ್ರ ದುಡ್ಡೇ ಇಸಿದುಕೊಳ್ಳುವುದಿಲ್ಲ.
ಕೂತ ಸೀಟು ಚುಚ್ಚುತ್ತದೆ.

ಅಂದಿನಿಂದ ಎಡಜೇಬಿನಲ್ಲಿ ಐವತ್ತು ಹುಣಸೆಬೀಜ.
ಒಂದು ಎಸೆತಕ್ಕೆ ಒಂದು ಬೀಜ ಬಲಜೇಬಿಗೆ.
ಎಡಜೇಬು ಬರಿದಾದರೆ ಹುಡುಗ ಹೊರಗೆ.
ಬ್ರಹ್ಮ ಬಂದು ಕೇಳಿದರೂ.

ಬಂದವನು ಬ್ರಹ್ಮನಲ್ಲ, ತೀರ್ಥೇಶನೇ.
ಫೈನಲ್, ಎದುರಿಗೆ ಅರಸೀಕೆರೆ, ಕೊನೆಯ ಸರದಿ,
ಒಂದು ರನ್ನು ನಮ್ಮದು ಹೆಚ್ಚು,
ಮೂರೂ ಬೇಸಿನಲ್ಲಿ ಅವರ ಹುಡುಗರು,
ಇಬ್ಬರು ಔಟು, ಎರಡು ಸ್ಟ್ರೈಕು.
ಜೇಬಿಗೆ ಕೈ ಹಾಕಿದೆ, ಬಟ್ಟೆ ಮಾತ್ರ ಸಿಕ್ಕಿತು.
"ಇನ್ನೊಂದೇ ಒಂದು ಸಾರ್. ಕೈ ನೋಯ್ತಾನೇ ಇಲ್ಲ."
ರುದ್ರಮುನಿಯೂ ಹಾಗೇ ಅಂದಿದ್ದ.
ಚೆಂಡು ಇಸಿದುಕೊಂಡು ಮುಬಾರಕನಿಗೆ ಕೊಟ್ಟೆ.
ಅವನ ಮೊದಲನೇ ಎಸೆತ
ಗುಂಡು ಎಸೆಯುವ ವೃತ್ತ ದಾಟಿ, ಬೇಲಿ ದಾಟಿ,
ಯಾರದೋ ಸ್ಕೂಟರಿನ ಸೀಟಿನ ಮೇಲೆ ಕೂತಿತು.

ವಾಪಸು ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.
ಮುಬಾರಕ ಬ್ಯಾಗಿನೊಳಗೆ ಮುಖ ಇಟ್ಟಿದ್ದ.
ಹೆಡ್‌ಮಾಸ್ಟರು ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ.
ಚಿಲ್ಲರೆಗೆಂದು ತಡಕಿದಾಗ
ಎಡಜೇಬಿನ ಹೊಲಿಗೆ ಬಿಚ್ಚಿದ ಮೂಲೆಯಲ್ಲಿ, ಅಸ್ತರಿಯೊಳಗೆ,
ಬೆರಳಿಗೆ ಸಿಕ್ಕಿತು
ನುಣ್ಣಗೆ, ಬೆಚ್ಚಗೆ, ಒಂದು ಬೀಜ.

ಬಚ್ಚಿಡಬಹುದಿತ್ತು. ನುಂಗಲೂಬಹುದಿತ್ತು.
ತೀರ್ಥೇಶನ ಅಂಗೈ ಬಿಡಿಸಿ ಇಟ್ಟೆ.
ನೋಡಿದ. ಬೆರಳು ಮಡಚಿ ಎಣಿಸುವ ಹುಡುಗ,
ಎಣಿಸಲೇಬೇಕಾಗಿರಲಿಲ್ಲ.
"ಹಂಗಾದ್ರೆ ಇತ್ತು ಸಾರ್."
ಇತ್ತು ಕಣೋ.
ಕಿಟಕಿ ಸರಿಸಿದ. ರಸ್ತೆ ಬದಿಯ ಮೈಲಿಗಲ್ಲಿಗೆ,
ಓಡುವ ಬಸ್ಸಿನಿಂದ, ಬೀಜ ಬೀಸಿದ.
ತಗುಲಿತೋ ಇಲ್ಲವೋ, ಕತ್ತಲು.
ನಾನು ಕಲ್ಲಿನ ಕಡೆ ನೋಡಲಿಲ್ಲ,
ಅವನ ಮೊಣಕೈ ಎಷ್ಟು ಸಲೀಸಾಗಿ
ವಾಪಸು ಮಡಚಿಕೊಂಡಿತು, ಅದನ್ನು ನೋಡಿದೆ.